ಚಳಿಗಾಲದ ಸಂತೆಯಲ್ಲಿ ಓಕ್ಲೆಂಡ್

ಬೇಸ್ ಬಾಲ್ ಬಗ್ಗೆ ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ ಅಂತ ಕೇಳಬೇಡಿ. ಆಟ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಇದು ಆಟದ ಕತೆ ಅಲ್ಲವೇ ಅಲ್ಲ, ಆಟ ನಿಂತಿರುವ ತಿಂಗಳುಗಳ ಕತೆ.

ಅಮೆರಿಕಾದಲ್ಲಿ ಅಕ್ಟೋಬರ್ ಕೊನೆಗೆ ವರ್ಲ್ಡ್ ಸೀರೀಸ್ ಮುಗಿಯಿತೆಂದರೆ ಆಟಗಾರರು ಮತ್ತೆ ತಾಲೀಮಿಗೆ ಸೇರುವುದು ಫೆಬ್ರವರಿ ಮಧ್ಯದಲ್ಲಿ. ನಡುವಿನ ಚಳಿಯಲ್ಲಿ ಮೈದಾನದಲ್ಲಿ ಏನೂ ಇಲ್ಲ. ಆದರೆ ಮೈದಾನದ ಹೊರಗೆ ದೊಡ್ಡ ಸಂತೆ. ಯಾರನ್ನು ಕೊಳ್ಳುವುದು, ಯಾರನ್ನು ಬಿಡುವುದು, ಯಾರಿಗೆ ಯಾರನ್ನು ಅದಲುಬದಲು ಮಾಡುವುದು. ಅಲ್ಲಿನವರು ಇದನ್ನು "ಹಾಟ್ ಸ್ಟೋವ್" ಕಾಲ ಅನ್ನುತ್ತಾರೆ. ಹಿಂದೆಲ್ಲಾ ಚಳಿಗೆ ಅಂಗಡಿಯ ಒಲೆಯ ಸುತ್ತ ಕೂತು ಜನ ಇದನ್ನೇ ಹರಟುತ್ತಿದ್ದರಂತೆ, ನಮ್ಮ ಅರಳೀಕಟ್ಟೆಯ ಹಾಗೆ.

ಬ್ರಾಡ್ ಪಿಟ್ ನಟಿಸಿದ "ಮನಿಬಾಲ್" (2011) ಸಿನಿಮಾವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಮೈಕೆಲ್ ಲೂಯಿಸ್ 2003ರಲ್ಲಿ ಬರೆದ ಪುಸ್ತಕದಿಂದ ಬಂದದ್ದು. ಬಡ ತಂಡ, ಬುದ್ಧಿವಂತ ಮ್ಯಾನೇಜರು, ಯಾರಿಗೂ ಬೇಡವಾದ ಆಟಗಾರರು, ಒಂದು ಕಂಪ್ಯೂಟರು, ಕೊನೆಗೆ ಗೆಲುವೋ ಗೆಲುವು. ಕತೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಅದು ಅರ್ಧ ಕತೆ. ಉಳಿದರ್ಧ ನೋಡಬೇಕೆಂದರೆ ಅದೇ ತಂಡದ ಹಳೆಯ ಚಳಿಗಾಲಗಳಿಗೆ ಹೋಗಬೇಕು.

ಮೊದಲು ಆ ಪ್ರಸಿದ್ಧ ಚಳಿಗಾಲ. 2001ರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ (ಎಲ್ಲರೂ ಕರೆಯುವುದು "ಏಸ್" ಅಂತ) 162 ಪಂದ್ಯಗಳಲ್ಲಿ 102 ಗೆದ್ದಿತ್ತು. ಪ್ಲೇಆಫ್ ಮೊದಲ ಸುತ್ತಿನಲ್ಲಿ ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಅವರ ಊರಿಗೇ ಹೋಗಿ ಮೊದಲೆರಡು ಪಂದ್ಯ ಗೆದ್ದರು. ಐದರಲ್ಲಿ ಇನ್ನೊಂದು ಗೆದ್ದಿದ್ದರೆ ಸಾಕಿತ್ತು. ಮೂರಕ್ಕೆ ಮೂರೂ ಸೋತರು! ಮೂರನೇ ಪಂದ್ಯದಲ್ಲಿ ಡೆರೆಕ್ ಜೀಟರ್ ತನ್ನ ಜಾಗವೇ ಅಲ್ಲದ ಕಡೆ ಓಡಿಬಂದು, ದಾರಿ ತಪ್ಪಿದ ಚೆಂಡನ್ನು ಹಿಡಿದು ಪಕ್ಕಕ್ಕೆ ತಳ್ಳಿ ಜೆರೆಮಿ ಜಿಯಾಂಬಿಯನ್ನು ಔಟ್ ಮಾಡಿಸಿದ್ದನ್ನು ಯಾಂಕೀಸ್ ಅಭಿಮಾನಿಗಳು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಆ ಪಂದ್ಯ ಹೋದದ್ದು 1-0ಯಿಂದ.

ಸೋತ ನೋವು ಆರುವ ಮೊದಲೇ ಸಂತೆ ಶುರುವಾಯಿತು. ತಂಡದ ಅತಿ ದೊಡ್ಡ ಹೊಡೆತಗಾರ, ಜೆರೆಮಿಯ ಅಣ್ಣ ಜೇಸನ್ ಜಿಯಾಂಬಿಯನ್ನು ಅದೇ ಯಾಂಕೀಸ್ ತಂಡ 7 ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಕರೆದೊಯ್ದಿತು. ಜಾನಿ ಡೇಮನ್ 3 ಕೋಟಿ 10 ಲಕ್ಷಕ್ಕೆ ಬಾಸ್ಟನ್ ರೆಡ್ ಸಾಕ್ಸ್ ಗೆ ಹೋದ. ಪಂದ್ಯದ ಕೊನೆಗೆ ಬಂದು ಗೆಲುವು ಉಳಿಸಿಕೊಡುವ ಪಿಚರ್ (ಇವರನ್ನು ಕ್ಲೋಸರ್ ಅನ್ನುತ್ತಾರೆ) ಜೇಸನ್ ಇಸ್ರಿಂಗ್ ಹೌಸನ್ 2 ಕೋಟಿ 70 ಲಕ್ಷಕ್ಕೆ ಸೇಂಟ್ ಲೂಯಿಸ್ ಸೇರಿದ. ಮೂವರ ಒಪ್ಪಂದ ಕೂಡಿಸಿದರೆ 17 ಕೋಟಿ 80 ಲಕ್ಷ. ಓಕ್ಲೆಂಡ್ ತನ್ನ ಇಡೀ ತಂಡಕ್ಕೆ 2002ರಲ್ಲಿ ಕೊಟ್ಟ ಸಂಬಳ ಸುಮಾರು 4 ಕೋಟಿ. ಯಾಂಕೀಸ್ ನದು ಸುಮಾರು 12 ಕೋಟಿ 60 ಲಕ್ಷ.

ಹೀಗೆ ಮನೆ ಖಾಲಿಯಾಗುವುದು ಈ ತಂಡಕ್ಕೆ ಹೊಸದೇನೂ ಆಗಿರಲಿಲ್ಲ ಅನ್ನುವುದೇ ನನಗೆ ಸ್ವಾರಸ್ಯ ಅನ್ನಿಸಿದ್ದು.

ಏಸ್ ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ, 1901ರಲ್ಲಿ. ಅಂದಿನಿಂದ 1950ರವರೆಗೆ, ಪೂರ್ತಿ ಐವತ್ತು ವರ್ಷ, ತಂಡ ನಡೆಸಿದವರು ಕಾನೀ ಮ್ಯಾಕ್ ಎಂಬ ಕೋಟು ಟೈ ಹಾಕಿಕೊಂಡೇ ಕೂರುತ್ತಿದ್ದ ಯಜಮಾನರು. 1910, 1911, 1913ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು, 1914ರಲ್ಲಿ ಫೈನಲ್ ತಲುಪಿ ಸೋತರು. ಆಗ ಫೆಡರಲ್ ಲೀಗ್ ಅಂತ ಹೊಸ ಲೀಗೊಂದು ಎದ್ದು ಆಟಗಾರರಿಗೆ ಹೆಚ್ಚು ದುಡ್ಡಿನ ಆಸೆ ತೋರಿಸುತ್ತಿತ್ತು. ಪೈಪೋಟಿ ಮಾಡಲು ಮ್ಯಾಕ್ ಅವರಿಗೆ ಕೈಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆ ಡಿಸೆಂಬರಿನಲ್ಲಿ ಎಡ್ಡೀ ಕಾಲಿನ್ಸ್ ನನ್ನು ಶಿಕಾಗೋ ವೈಟ್ ಸಾಕ್ಸ್ ಗೆ 50,000 ಡಾಲರಿಗೆ ಮಾರಿದರು. ಪ್ಲ್ಯಾಂಕ್ ಮತ್ತು ಬೆಂಡರ್ ಎಂಬ ಇಬ್ಬರು ದೊಡ್ಡ ಪಿಚರುಗಳು ಫೆಡರಲ್ ಲೀಗಿಗೆ ಹೋದರು. ಪರಿಣಾಮ? 1914ರಲ್ಲಿ 99 ಗೆದ್ದ ತಂಡ 1915ರಲ್ಲಿ ಗೆದ್ದದ್ದು 43. ಅದರ ಮರುವರ್ಷ 36 ಗೆಲುವು, 117 ಸೋಲು.

ಹದಿನೈದು ವರ್ಷ ಕಷ್ಟಪಟ್ಟು ಮತ್ತೆ ಕಟ್ಟಿದರು. 1929, 1930 ಎರಡೂ ವರ್ಷ ಚಾಂಪಿಯನ್. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂತು. ಮತ್ತೆ ಅಂಗಡಿ ತೆರೆದರು. 1932ರಲ್ಲಿ ಸಿಮನ್ಸ್ ಮತ್ತಿಬ್ಬರು ಒಂದು ಲಕ್ಷಕ್ಕೆ, 1933ರಲ್ಲಿ ಕಾಕ್ರನ್ ಮತ್ತು ಗ್ರೋವ್, 1935ರಲ್ಲಿ ಜಿಮ್ಮೀ ಫಾಕ್ಸ್. ಇವರೆಲ್ಲಾ ಆ ಆಟದ ಇತಿಹಾಸದ ಅತಿ ದೊಡ್ಡ ಹೆಸರುಗಳು. ನಮ್ಮಲ್ಲಿ ಬರಗಾಲದಲ್ಲಿ ಎತ್ತು ಮಾರುತ್ತಿದ್ದರಲ್ಲ, ಹಾಗೆ.

ಇಲ್ಲಿ ಒಂದು ವಿಷಯ ಗಮನಿಸಿ. ಮಾರಿದ ದುಡ್ಡೆಲ್ಲಾ ಹೋದದ್ದು ಮಾಲೀಕರಿಗೆ, ಆಟಗಾರನಿಗಲ್ಲ. ಆ ಕಾಲದ ಕರಾರಿನಲ್ಲಿ "ರಿಸರ್ವ್ ಕ್ಲಾಸ್" ಅಂತ ಒಂದು ಸಾಲು ಇರುತ್ತಿತ್ತು. ಒಪ್ಪಂದದ ಅವಧಿ ಮುಗಿದರೂ ಆಟಗಾರ ಅದೇ ತಂಡದವನು, ತಂಡ ಬಿಡುವವರೆಗೆ ಬೇರೆಲ್ಲೂ ಆಡುವಂತಿಲ್ಲ. ಒಂದು ವಾಕ್ಯದ ಬಲದ ಮೇಲೆ ಜೀವಮಾನ ಪೂರ್ತಿ! ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರ ಇದರ ವಿರುದ್ಧ ಸುಪ್ರೀಂ ಕೋರ್ಟ್ ವರೆಗೂ ಹೋಗಿ 1972ರಲ್ಲಿ ಸೋತ. ಅವನ ಆಟದ ಬದುಕು ಅಲ್ಲಿಗೇ ಮುಗಿದಿತ್ತು.

ಆ ಹೊತ್ತಿಗೆ ಏಸ್ ಫಿಲಡೆಲ್ಫಿಯಾ ಬಿಟ್ಟು, ಕ್ಯಾನ್ಸಾಸ್ ಸಿಟಿಯಲ್ಲಿ ಹದಿಮೂರು ವರ್ಷ ಇದ್ದು, 1968ರಲ್ಲಿ ಓಕ್ಲೆಂಡಿಗೆ ಬಂದಿತ್ತು. ಮಾಲೀಕ ಚಾರ್ಲಿ ಫಿನ್ಲೀ. ಜಗಳಗಂಟ, ಜಿಪುಣ, ಆದರೆ ಆಟಗಾರನನ್ನು ಗುರುತಿಸುವ ಕಣ್ಣಿದ್ದವನು. 1972, 73, 74 ಸತತ ಮೂರು ವರ್ಷ ಇವನ ತಂಡವೇ ಚಾಂಪಿಯನ್. ಅದು ಕುಸಿದದ್ದು ಇವನ ಜಿಪುಣತನದಿಂದಲೇ. ಕ್ಯಾಟ್ ಫಿಶ್ ಹಂಟರ್ ಎಂಬ ಪಿಚರಿನ ಸಂಬಳ 1974ರಲ್ಲಿ ಒಂದು ಲಕ್ಷ ಡಾಲರ್. ಅದರಲ್ಲಿ ಅರ್ಧವನ್ನು ವರ್ಷಾಶನದ ರೂಪದಲ್ಲಿ ವಿಮೆಗೆ ಕಟ್ಟಬೇಕು ಅಂತ ಕರಾರು. ಫಿನ್ಲೀ ಕಟ್ಟಲಿಲ್ಲ. ಮಧ್ಯಸ್ಥಗಾರ ಪೀಟರ್ ಸೈಟ್ಜ್ ಕರಾರು ಮುರಿದಿದೆ, ಹಂಟರ್ ಸ್ವತಂತ್ರ ಅಂದುಬಿಟ್ಟ. ವರ್ಷದ ಕೊನೆಯ ದಿನ ಯಾಂಕೀಸ್ ಅವನನ್ನು 30 ಲಕ್ಷಕ್ಕೂ ಮಿಕ್ಕ ಡಾಲರಿಗೆ ಕೊಂಡಿತು. ಆಟಗಾರನೊಬ್ಬನ ನಿಜವಾದ ಪೇಟೆ ಬೆಲೆ ಎಷ್ಟು ಅಂತ ಎಲ್ಲರಿಗೂ ಮೊದಲ ಸಲ ಗೊತ್ತಾದದ್ದು ಆ ಚಳಿಗಾಲದಲ್ಲಿ.

ಮರುವರ್ಷ, 1975ರ ಡಿಸೆಂಬರ್ 23ರಂದು, ಅದೇ ಸೈಟ್ಜ್ ಇನ್ನಿಬ್ಬರು ಆಟಗಾರರ ವಿಷಯದಲ್ಲಿ ರಿಸರ್ವ್ ಕ್ಲಾಸ್ ಒಂದೇ ವರ್ಷಕ್ಕೆ ಅಂತ ತೀರ್ಪು ಕೊಟ್ಟ. ನೂರು ವರ್ಷದ ಕಟ್ಟೆ ಒಡೆಯಿತು. ಹೇಗೂ ಎಲ್ಲರೂ ಹೋಗುತ್ತಾರೆ, ಅಷ್ಟರೊಳಗೆ ಮಾರಿ ದುಡ್ಡಾದರೂ ಮಾಡಿಕೊಳ್ಳೋಣ ಅಂತ ಫಿನ್ಲೀ 1976ರ ಜೂನಿನಲ್ಲಿ ಜೋ ರೂಡಿ, ರಾಲೀ ಫಿಂಗರ್ಸ್ ಇಬ್ಬರನ್ನು ತಲಾ 10 ಲಕ್ಷಕ್ಕೆ ಬಾಸ್ಟನ್ನಿಗೂ, ವೈಡಾ ಬ್ಲೂನನ್ನು 15 ಲಕ್ಷಕ್ಕೆ ಯಾಂಕೀಸ್ ಗೂ ಮಾರಿದ. ಕಮಿಷನರ್ ಬೋವೀ ಕೂನ್ ಆಟದ ಹಿತದೃಷ್ಟಿ ಅಂತ ಹೇಳಿ ಮಾರಾಟವನ್ನೇ ರದ್ದು ಮಾಡಿದ. ಮ್ಯಾಕ್ ಯಜಮಾನರು ಎರಡೆರಡು ಸಲ ಮಾಡಿದ್ದನ್ನು ಫಿನ್ಲೀ ಒಮ್ಮೆಯೂ ಮಾಡುವಂತಿಲ್ಲವಂತೆ! (ನನಗೆ ಫಿನ್ಲೀ ಮೇಲೆ ಪ್ರೀತಿಯೇನಿಲ್ಲ, ಆದರೆ ಈ ವಿಷಯದಲ್ಲಿ ಅವನಿಗೆ ಅನ್ಯಾಯ ಆಯಿತು ಅಂತಲೇ ನನ್ನ ಅಭಿಪ್ರಾಯ.) ಆ ಚಳಿಗಾಲ ರೂಡಿ, ಫಿಂಗರ್ಸ್, ಬ್ಯಾಂಡೋ, ಟೆನಸ್, ಕ್ಯಾಂಪನೇರಿಸ್, ಬೇಲರ್, ಎಲ್ಲರೂ ಹೊರಟುಹೋದರು. ಓಕ್ಲೆಂಡ್ ಕೈಗೆ ಬಿಡಿಗಾಸೂ ಬರಲಿಲ್ಲ. 1977ರಲ್ಲಿ ತಂಡ ತನ್ನ ವಿಭಾಗದ ಕಟ್ಟಕಡೆಗೆ ಬಂತು, ಅದೇ ವರ್ಷ ಹೊಸದಾಗಿ ಹುಟ್ಟಿದ ಸಿಯಾಟಲ್ ತಂಡಕ್ಕಿಂತಲೂ ಕೆಳಗೆ. 1979ರ ಏಪ್ರಿಲಿನ ಒಂದು ಪಂದ್ಯಕ್ಕೆ ಬಂದ ಪ್ರೇಕ್ಷಕರು 653. ನಮ್ಮ ಕಡೆ ಮದುವೆ ಊಟಕ್ಕೆ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೀರ್ಪಿನ ನಂತರ ಮಾಲೀಕರೂ ಆಟಗಾರರ ಸಂಘವೂ ಕೂತು ಹೊಸ ನಿಯಮ ಮಾಡಬೇಕಾಯಿತು. ಹಠಮಾರಿ ಫಿನ್ಲೀ ಒಂದು ಸಲಹೆ ಕೊಟ್ಟ: ಎಲ್ಲಾ ಆಟಗಾರರನ್ನೂ ಪ್ರತಿ ವರ್ಷ ಸ್ವತಂತ್ರ ಮಾಡಿಬಿಡಿ. ಉಳಿದ ಮಾಲೀಕರು ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಆದರೆ ಒಬ್ಬನಿಗೆ ಎದೆ ಝಲ್ಲೆಂದಿತ್ತು. ಅವನು ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್. ಉಕ್ಕು ಕಾರ್ಮಿಕರ ಸಂಘದಲ್ಲಿ ಪಳಗಿದ ಅರ್ಥಶಾಸ್ತ್ರಜ್ಞ. ಎಲ್ಲರೂ ಒಟ್ಟಿಗೆ ಸಂತೆಗೆ ಬಂದರೆ ಬೆಲೆ ಬಿದ್ದುಹೋಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಗ್ಗಿಯಲ್ಲಿ ಟೊಮೇಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೃಷ್ಟಕ್ಕೆ ಮಾಲೀಕರು ಫಿನ್ಲೀ ಮಾತು ಕೇಳಲಿಲ್ಲ. 1976ರ ಒಪ್ಪಂದದಲ್ಲಿ ಆರು ವರ್ಷದ ನಿಯಮ ಬಂತು. ಮೇಜರ್ ಲೀಗಿನಲ್ಲಿ ಆರು ವರ್ಷ ಆಡಿದ ಮೇಲೆ ಆಟಗಾರ ಸ್ವತಂತ್ರ. ಪ್ರತಿ ಚಳಿಗಾಲ ಸಂತೆಗೆ ಬರುವುದು ಕೆಲವೇ ಜನ, ಹಾಗಾಗಿ ಅವರಿಗೆ ಚಿನ್ನದ ಬೆಲೆ.

ಆದರೆ ಆ ಚಿನ್ನದ ಬೆಲೆಗೆ ಇನ್ನೊಂದು ಮುಖ ಇದೆ. ಆರು ವರ್ಷ ತುಂಬದವನು? ನಿಯಮ ಮುಂದೆ ಬೆಳೆದ ರೀತಿಯಲ್ಲಿ, ಸರಿಸುಮಾರು ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು. ಆಮೇಲಿನ ಮೂರು ವರ್ಷ ಮಧ್ಯಸ್ಥಗಾರರ ಮುಂದೆ ವಾದ ಮಾಡಿ ಸ್ವಲ್ಪ ಹೆಚ್ಚು. 2002ರಲ್ಲಿ ಕನಿಷ್ಠ ಸಂಬಳ 2 ಲಕ್ಷ ಡಾಲರ್. ಜಿಯಾಂಬಿಗೆ ಯಾಂಕೀಸ್ ಕೊಟ್ಟದ್ದು ಸರಾಸರಿ ವರ್ಷಕ್ಕೆ 1 ಕೋಟಿ 70 ಲಕ್ಷದ ಮೇಲೆ. ಅಂತರ ನೀವೇ ಲೆಕ್ಕ ಹಾಕಿ.

ಇಷ್ಟು ತಿಳಿದ ಮೇಲೆ ಮತ್ತೆ 2001ರ ಚಳಿಗಾಲಕ್ಕೆ ಬನ್ನಿ. ಏಸ್ ನ ಜನರಲ್ ಮ್ಯಾನೇಜರ್ ಬಿಲ್ಲೀ ಬೀನ್, ಜೊತೆಗೆ ಹಾರ್ವರ್ಡಿನಲ್ಲಿ ಅರ್ಥಶಾಸ್ತ್ರ ಓದಿದ ಪಾಲ್ ಡಿಪೊಡೆಸ್ಟಾ. ಇವರ ವಿಚಾರದ ಬೇರು ಬಿಲ್ ಜೇಮ್ಸ್ ಎಂಬಾತನಲ್ಲಿದೆ. ಕ್ಯಾನ್ಸಾಸ್ ನ ಬೀನ್ಸ್ ಡಬ್ಬಿ ತುಂಬುವ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದುಕೊಂಡು ಬೇಸ್ ಬಾಲ್ ಅಂಕಿಅಂಶಗಳ ಮೇಲೆ ಬರೆದು 1977ರಲ್ಲಿ ತಾನೇ ಅಚ್ಚು ಹಾಕಿಸಿದ. ಮಾರಾಟವಾದದ್ದು 75 ಪ್ರತಿ. ನಮ್ಮಂಥ ಬ್ಲಾಗಿಗರ ಕುಲಗುರು ಅನ್ನಬಹುದು :-)

ಜೇಮ್ಸ್ ಮತ್ತು ಅವನ ಹಾದಿಯವರು ಹೇಳಿದ ಒಂದು ಮಾತು, ಬ್ಯಾಟ್ಸ್ ಮನ್ ನ ಮುಖ್ಯ ಕೆಲಸ ಔಟ್ ಆಗದಿರುವುದು. ಬೇಸ್ ಬಾಲಿನಲ್ಲಿ ಪಿಚರ್ ನಾಲ್ಕು ಸಲ ಸರಿಯಾದ ಜಾಗದ ಹೊರಗೆ ಎಸೆದರೆ ಬ್ಯಾಟ್ಸ್ ಮನ್ ಸುಮ್ಮನೆ ನಡೆದುಕೊಂಡು ಮೊದಲ ಬೇಸಿಗೆ ಹೋಗಬಹುದು. ಹೊಡೆಯದೆ, ತಾಳ್ಮೆಯಿಂದ ಚೆಂಡು ಬಿಡುವುದೂ ಒಂದು ವಿದ್ಯೆ. ದ್ರಾವಿಡ್ ಆಟ ನೋಡಿ ಬೆಳೆದ ನಮಗೆ ಇದೇನು ಹೊಸ ಆವಿಷ್ಕಾರವೇ ಅನ್ನಿಸಬಹುದು, ಆದರೆ ಅಲ್ಲಿನ ಪೇಟೆಯಲ್ಲಿ ಆಗ ಇದಕ್ಕೆ ಬೆಲೆ ಕಡಿಮೆ ಇತ್ತು. ದೂರ ಹೊಡೆಯುವವನಿಗೆ, ಜೋರು ಓಡುವವನಿಗೆ ಬೆಲೆ ಹೆಚ್ಚು. ಡೇಮನ್ ಜೋರು ಓಡುತ್ತಿದ್ದ, ಚೆನ್ನಾಗಿಯೂ ಕಾಣುತ್ತಿದ್ದ. ಆದರೆ ಓಕ್ಲೆಂಡಿನಲ್ಲಿ ಆಡಿದ ಒಂದು ವರ್ಷ ನೂರಕ್ಕೆ ಮೂವತ್ತೆರಡು ಸಲ ಮಾತ್ರ ಬೇಸ್ ತಲುಪಿದ್ದ.

ಬೀನ್ ಹುಡುಕಿದ್ದು ಸ್ಕಾಟ್ ಹ್ಯಾಟೆಬರ್ಗ್ ನಂಥವರನ್ನು. ಇವನು ಬಾಸ್ಟನ್ನಿನಲ್ಲಿ ಕ್ಯಾಚರ್, ಅಂದರೆ ವಿಕೆಟ್ ಕೀಪರ್ ತರಹ. ಮೊಣಕೈ ನರಕ್ಕೆ ಪೆಟ್ಟಾಗಿ ಚೆಂಡು ಎಸೆಯಲಾರದವನಾಗಿದ್ದ. ಬಾಸ್ಟನ್ ಅವನನ್ನು ಕೊಲರಾಡೋಗೆ ದಾಟಿಸಿತು, ಕೊಲರಾಡೋ ಡಿಸೆಂಬರಿನಲ್ಲಿ ಕೈಬಿಟ್ಟಿತು. ಏಸ್ 10 ಲಕ್ಷ ಡಾಲರಿಗೂ ಕಡಿಮೆ ಕೊಟ್ಟು, ಜನ್ಮದಲ್ಲಿ ಆಡದಿದ್ದ ಮೊದಲ ಬೇಸ್ ಆಡು ಅಂತ ನಿಲ್ಲಿಸಿತು. ಕಲಿಸಿದವನು ಕೋಚ್ ರಾನ್ ವಾಷಿಂಗ್ಟನ್. ಜೊತೆಗೆ ಯಾಂಕೀಸ್ ಬಿಟ್ಟುಕೊಟ್ಟಿದ್ದ, ವಯಸ್ಸಾದ ಡೇವಿಡ್ ಜಸ್ಟಿಸ್ ನನ್ನು ಮೆಟ್ಸ್ ತಂಡದಿಂದ ತಂದರು. ಅವನ ಸಂಬಳದ ಒಂದು ಪಾಲನ್ನು ಕಳಿಸಿಕೊಟ್ಟವರ ಕೈಯಲ್ಲೇ ಕೊಡಿಸಿದರು!

ಕ್ಲೋಸರುಗಳ ವಿಷಯದಲ್ಲಿ ಬೀನ್ ಮಾಡಿದ್ದು ಪಕ್ಕಾ ದಲ್ಲಾಳಿ ಕೆಲಸ. ಇಸ್ರಿಂಗ್ ಹೌಸನ್ 1999ರಲ್ಲಿ ಬಂದಾಗ ಗಾಯಗಳಿಂದ ಬಳಲಿದ್ದ ಪಿಚರ್. ಅವನನ್ನು ಕ್ಲೋಸರ್ ಮಾಡಿದರು, "ಸೇವ್" ಎಂಬ ಅಂಕಿ ಅವನ ಹೆಸರಿನಲ್ಲಿ ಕೂಡಿತು, ಬೆಲೆ ಏರಿತು, ಹೋದ. ಅವನ ಜಾಗಕ್ಕೆ ಟೊರೊಂಟೋದಿಂದ ಬಿಲ್ಲೀ ಕೋಕ್ ಬಂದ. 2002ರಲ್ಲಿ ಅವನ ಹೆಸರಿನಲ್ಲಿ 44 ಸೇವ್ ಕೂಡುತ್ತಲೇ ಆ ಚಳಿಗಾಲದಲ್ಲೇ ಅವನನ್ನು ವೈಟ್ ಸಾಕ್ಸ್ ಗೆ ಕೊಟ್ಟು ಕೀತ್ ಫೌಲ್ಕ್ ನನ್ನು ತಂದರು. ಕೋಕ್ 2004ರ ನಂತರ ಮೇಜರ್ ಲೀಗಿನಲ್ಲೇ ಕಾಣಲಿಲ್ಲ. ಫೌಲ್ಕ್ 2003ರಲ್ಲಿ 43 ಸೇವ್ ಮಾಡಿ ಬಾಸ್ಟನ್ನಿಗೆ ಹೋಗಿ, 2004ರ ವರ್ಲ್ಡ್ ಸೀರೀಸಿನ ಕೊನೆಯ ಔಟ್ ಪಡೆದವನು. ಹಾಗಂತ ಎಲ್ಲಾ ವ್ಯಾಪಾರವೂ ಲಾಭದ್ದಲ್ಲ. ಕೋಕ್ ಗಾಗಿ ಟೊರೊಂಟೋಗೆ ಕೊಟ್ಟ ಎರಿಕ್ ಹಿನ್ಸ್ಕೀ 2002ರ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಗೆದ್ದ. ಸಿನಿಮಾದಲ್ಲಿ ಇದು ಬರುವುದಿಲ್ಲ.

ಹೋದವರಿಂದಲೂ ಫಸಲು ತೆಗೆದರು. ಆಗಿನ ನಿಯಮದಂತೆ ಇಂಥ ಆಟಗಾರರನ್ನು ಕಳೆದುಕೊಂಡ ತಂಡಕ್ಕೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟಿನಲ್ಲಿ ಹೆಚ್ಚುವರಿ ಸರದಿ ಸಿಗುತ್ತಿತ್ತು. ಮೂವರು ಹೋದರು, ಆರು ಸರದಿ ಬಂತು. ತಮ್ಮದೂ ಸೇರಿ 2002ರ ಡ್ರಾಫ್ಟಿನ ಮೊದಲ 39 ಹೆಸರುಗಳಲ್ಲಿ ಏಳು ಓಕ್ಲೆಂಡಿನವು. ಅದರಲ್ಲಿ ನಿಕ್ ಸ್ವಿಷರ್, ಜೋ ಬ್ಲ್ಯಾಂಟನ್ ದೊಡ್ಡವರಾದರು. ಪುಸ್ತಕ ಬಹಳ ಮುದ್ದು ಮಾಡಿದ ಜೆರೆಮಿ ಬ್ರೌನ್ ಮೇಜರ್ ಲೀಗಿನಲ್ಲಿ ಆಡಿದ್ದು ಐದೇ ಪಂದ್ಯ.

2002ರಲ್ಲಿ ಏನಾಯಿತು ಗೊತ್ತಲ್ಲ? 103 ಗೆಲುವು, ಹಿಂದಿನ ವರ್ಷಕ್ಕಿಂತ ಒಂದು ಹೆಚ್ಚು. ಸತತ 20 ಗೆಲುವು, ಅಮೆರಿಕನ್ ಲೀಗಿನಲ್ಲಿ ಆವರೆಗೆ ಯಾರೂ ಮಾಡದ್ದು. ಇಪ್ಪತ್ತನೆಯದು ಸೆಪ್ಟೆಂಬರ್ 4ರಂದು: 11-0 ಮುಂದಿದ್ದವರು 11-11 ಮಾಡಿಕೊಂಡು ಕೂತಾಗ ಅದೇ ಹ್ಯಾಟೆಬರ್ಗ್ ಬೆಂಚಿನಿಂದ ಎದ್ದು ಬಂದು ಹೋಂ ರನ್ ಹೊಡೆದ.

ಆದರೆ ಆ 103ರಲ್ಲಿ 57 ಗೆಲುವು ಮೂವರೇ ಪಿಚರುಗಳ ಹೆಸರಿನಲ್ಲಿವೆ. ಝೀಟೋ 23, ಮುಲ್ಡರ್ 19, ಹಡ್ಸನ್ 15. ಆ ವರ್ಷದ ಶ್ರೇಷ್ಠ ಪಿಚರ್ ಪ್ರಶಸ್ತಿ ಝೀಟೋಗೆ, ಶ್ರೇಷ್ಠ ಆಟಗಾರ ಪ್ರಶಸ್ತಿ ಮಿಗೆಲ್ ತೆಹಾದಾಗೆ. ತೆಹಾದಾ, ಎರಿಕ್ ಚಾವೆಜ್ ಇಬ್ಬರೂ ತಲಾ 34 ಹೋಂ ರನ್ ಹೊಡೆದಿದ್ದರು. ಸಿನಿಮಾದಲ್ಲಿ ಇವರನ್ನು ಹುಡುಕಿ ನೋಡಿ, ಸಿಗುವುದು ಕಷ್ಟ. ಈ ಐವರೂ ತಂಡವೇ ಆರಿಸಿ ಬೆಳೆಸಿದ ಹುಡುಗರು. ಐವರೂ ಆರು ವರ್ಷ ತುಂಬದವರು. ಅಂದರೆ 4 ಕೋಟಿಯಲ್ಲಿ 103 ಗೆಲುವು ಹೇಗೆ ಬಂತು ಎಂಬ ಒಗಟಿನ ದೊಡ್ಡ ಉತ್ತರ ಹ್ಯಾಟೆಬರ್ಗ್ ನ ತಾಳ್ಮೆಯಲ್ಲಿಲ್ಲ, 1976ರ ಕಾಗದದಲ್ಲಿದೆ. ಬೀನ್ ಉಳಿಸಿದ ದುಡ್ಡು ಯಾಂಕೀಸ್ ಜೇಬಿನದ್ದಲ್ಲ, ಈ ಐವರದ್ದು. ಅವನು ಜಾಣ, ಅನುಮಾನವೇ ಇಲ್ಲ. ಒಳ್ಳೆಯ ಹುಡುಗರಿದ್ದೂ ಸೋತ ತಂಡಗಳು ಎಷ್ಟೋ ಇವೆ. ಆದರೆ ಜಾಣತನದ ಕತೆ ಹೇಳುವಾಗ ಇದನ್ನು ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ.

ಪ್ಲೇಆಫಿನಲ್ಲಿ? ಮತ್ತೆ ಮೊದಲ ಸುತ್ತಿನಲ್ಲೇ, ಮತ್ತೆ ಐದನೇ ಪಂದ್ಯದಲ್ಲೇ ಸೋಲು. ಈ ಸಲ ಸೋಲಿಸಿದವರು ಮಿನೆಸೋಟಾ. 2001ರ ನವೆಂಬರಿನಲ್ಲಿ ಮಾಲೀಕರೆಲ್ಲಾ ಸೇರಿ ಎರಡು ತಂಡಗಳನ್ನು ಮುಚ್ಚಿಬಿಡೋಣ ಅಂತ ಮತ ಹಾಕಿದ್ದರು. ಮುಚ್ಚುವ ತಂಡಗಳಲ್ಲಿ ಒಂದು ಮಿನೆಸೋಟಾ ಅಂತಲೇ ಎಲ್ಲರೂ ನಂಬಿದ್ದರು. ಕ್ರೀಡಾಂಗಣದ ಬಾಡಿಗೆ ಕರಾರು ಹಿಡಿದು ಕೋರ್ಟ್ ತಡೆದಿದ್ದರಿಂದ ಉಳಿದುಕೊಂಡ ತಂಡ ಅದು. ಒಂದೇ ಚಳಿಗಾಲದಲ್ಲಿ ಇಬ್ಬರು ಬಡವರು ಬದುಕಿಕೊಂಡು, ಶರತ್ಕಾಲದಲ್ಲಿ ಒಬ್ಬ ಇನ್ನೊಬ್ಬನನ್ನು ಹೊರಗಟ್ಟಿದ.

ಆಮೇಲೆ ಐವರ ಆರು ವರ್ಷಗಳೂ ಒಂದೊಂದಾಗಿ ಮುಗಿಯತೊಡಗಿದವು. ತೆಹಾದಾ 2003ರ ಕೊನೆಗೆ ಬಾಲ್ಟಿಮೋರಿಗೆ, 7 ಕೋಟಿ 20 ಲಕ್ಷ. 2004ರ ಡಿಸೆಂಬರಿನಲ್ಲಿ ಎರಡು ದಿನದ ಅಂತರದಲ್ಲಿ ಹಡ್ಸನ್, ಮುಲ್ಡರ್ ಇಬ್ಬರನ್ನೂ ಬೇರೆ ತಂಡಗಳಿಗೆ ದಾಟಿಸಿದರು. ಝೀಟೋ 2006ರ ಕೊನೆಗೆ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ, 7 ವರ್ಷಕ್ಕೆ 12 ಕೋಟಿ 60 ಲಕ್ಷ. 2002ರಲ್ಲಿ ಇಡೀ ಯಾಂಕೀಸ್ ತಂಡದ ಸಂಬಳ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟು, ಒಬ್ಬನಿಗೆ. ಉಳಿದವನು ಚಾವೆಜ್ ಒಬ್ಬನೇ. ಅವನಿಗೆ 2004ರಲ್ಲಿ 6 ವರ್ಷಕ್ಕೆ 6 ಕೋಟಿ 60 ಲಕ್ಷ ಕೊಟ್ಟು ಉಳಿಸಿಕೊಂಡಿದ್ದರು. ಆವರೆಗೆ ಏಸ್ ಯಾರಿಗೂ ಅಷ್ಟು ಕೊಟ್ಟಿರಲಿಲ್ಲ.

ಆ ದಾಖಲೆ ಇಪ್ಪತ್ತು ವರ್ಷ ಹಾಗೇ ಇತ್ತು. 2024ರ ಸೆಪ್ಟೆಂಬರ್ 26ರಂದು ಏಸ್ ಓಕ್ಲೆಂಡಿನಲ್ಲಿ ಕೊನೆಯ ಪಂದ್ಯ ಆಡಿತು. 46,889 ಜನ ಬಂದಿದ್ದರು, ತಂಡ 3-2ರಿಂದ ಗೆದ್ದಿತು, ಎಷ್ಟೋ ಜನ ಅತ್ತರು. ಲಾಸ್ ವೇಗಸ್ ಗೆ ಹೋಗುವ ಹಾದಿಯಲ್ಲಿ 2025ರಿಂದ ಸ್ಯಾಕ್ರಮೆಂಟೋ ಪಕ್ಕದ ಒಂದು ಸಣ್ಣ ಮೈದಾನದಲ್ಲಿ ಬಿಡಾರ. ಊರು ಬಿಟ್ಟ ಆ ಚಳಿಗಾಲದಲ್ಲೇ ಮಾಲೀಕರು ಲೂಯಿಸ್ ಸೆವೆರಿನೋ ಎಂಬ ಪಿಚರಿಗೆ 3 ವರ್ಷಕ್ಕೆ 6 ಕೋಟಿ 70 ಲಕ್ಷ ಕೊಟ್ಟರು. ಶ್ರೀಮಂತ ತಂಡಗಳಿಂದ ಬರುವ ಪಾಲಿನ ದುಡ್ಡನ್ನು ಸಂಬಳಕ್ಕೆ ಖರ್ಚು ಮಾಡದಿದ್ದರೆ ಆಟಗಾರರ ಸಂಘ ದೂರು ಕೊಡುತ್ತದೆ ಎಂಬ ಹೆದರಿಕೆಯೂ ಇದಕ್ಕೊಂದು ಕಾರಣ ಅಂತ ಪತ್ರಿಕೆಗಳು ಬರೆದವು. ಮಿಲ್ಲರ್ ಕಟ್ಟಿದ ಅದೇ ಸಂಘ.